ಗಾಜಾದ ಸ್ಟೆತಸ್ಕೋಪ್ ನೀವೂ ಮಾಡಬಹುದು

ಗ್ಲಿಯಾ ಎಂಬ ತಂಡ ರೂಪಿಸಿದ ಸ್ಟೆತಸ್ಕೋಪನ್ನು 3ಡಿ ಪ್ರಿಂಟರಿನಲ್ಲಿ, ಅಂದರೆ ಪ್ಲಾಸ್ಟಿಕ್ ಕರಗಿಸಿ ಪದರಪದರವಾಗಿ ವಸ್ತು ಕಟ್ಟುವ ಯಂತ್ರದಲ್ಲಿ ಮಾಡಬಹುದು. ಅದರ ಫೈಲುಗಳು ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಯಾರು ಬೇಕಾದರೂ ಇಳಿಸಿಕೊಂಡು ಪ್ರಿಂಟ್ ಮಾಡಬಹುದು, ತಿದ್ದಬಹುದು, ಹಂಚಬಹುದು. ನಾನು ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಉಪಕರಣ ರಿಪೇರಿ ಮಾಡುವವನು. ಇದನ್ನು ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇದು ಹುಟ್ಟಿದ್ದು ಎಲ್ಲಿ ಅಂತ ತಿಳಿದಿರಲಿ. ಗ್ಲಿಯಾ ಕಟ್ಟಿದ ಡಾ. ತಾರೆಕ್ ಲುಬಾನಿ ಕೆನಡಾದಲ್ಲಿ ತುರ್ತು ಚಿಕಿತ್ಸಾ ವೈದ್ಯರು, ಮೂಲತಃ ಪ್ಯಾಲೆಸ್ಟೀನಿನವರು. 2012ರ ಯುದ್ಧದ ಹೊತ್ತಿಗೆ ಅವರು ಗಾಜಾದ ಅಲ್ ಶಿಫಾ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಸ್ಟೆತಸ್ಕೋಪಿಗೂ ಬರ. ವೈದ್ಯರು ಗಾಯಾಳುಗಳ ಎದೆಗೇ ಕಿವಿ ಹಚ್ಚಿ ಕೇಳುತ್ತಿದ್ದರು. 2007ರಿಂದ ಗಾಜಾಕ್ಕೆ ದಿಗ್ಬಂಧನವಿದೆ, ಹೊರಗಿನಿಂದ ಸಾಮಾನು ತರಿಸೋದು ಅಷ್ಟು ಸುಲಭವಲ್ಲ. ಹಾಗಾಗಿ ಅವರು ಹಿಡಿದ ದಾರಿ ಬೇರೆ: ಅಲ್ಲೇ ಸಿಗುವ ವಸ್ತುವಿನಿಂದ ಅಲ್ಲೇ ಮಾಡಬೇಕು, ಗುಣಮಟ್ಟ ಮಾತ್ರ ಒಳ್ಳೇ ಕಂಪನಿಯ ಮಾಲಿನಷ್ಟೇ ಇರಬೇಕು. ಈ ಎರಡು ಷರತ್ತು ನೆನಪಿದ್ದರೆ ಮುಂದಿನ ಪ್ರತಿ ಹಂತವೂ ಯಾಕೆ ಹಾಗಿದೆ ಅಂತ ತಾನಾಗಿ ಅರ್ಥವಾಗುತ್ತದೆ.

ಪ್ಲಾಸ್ಟಿಕ್ ಎಬಿಎಸ್ ಎಂಬ ಜಾತಿಯದ್ದಿರಲಿ. ಪಿಎಲ್‌ಎ ಎಂಬ ಇನ್ನೊಂದು ಜಾತಿ ಬಳಸಲು ಸುಲಭ, ನಿಜ. ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಂತ ಆಂಬುಲೆನ್ಸ್ ಒಳಗೇ ಆಕಾರ ಕೆಡಬಹುದು. ಎಬಿಎಸ್ ಸುಮಾರು 100 ಡಿಗ್ರಿವರೆಗೆ ತಡೆಯುತ್ತದೆ. ಅದರ ಹೊಗೆ ಒಳ್ಳೆಯದಲ್ಲ, ಕಿಟಕಿ ತೆಗೆದಿಡಿ. ಪ್ರಿಂಟರ್ ಸುತ್ತ ಮಾತ್ರ ಡಬ್ಬ ಮುಚ್ಚಿ, ಇಲ್ಲದಿದ್ದರೆ ಗಾಳಿಗೆ ಮೂಲೆಗಳು ಮೇಲೇಳುತ್ತವೆ.

ಲೇಯರ್ (ಒಂದೊಂದು ಪದರದ ದಪ್ಪ) 0.2 ಮಿಲಿಮೀಟರ್, ಇನ್‌ಫಿಲ್ (ಒಳಗೆ ತುಂಬುವ ಪ್ಲಾಸ್ಟಿಕ್) ಶೇ. 100. ಪ್ಲಾಸ್ಟಿಕ್ ಉಳಿಸಬೇಕು ಅಂತ ಶೇ. 20ಕ್ಕೆ ಇಳಿಸುವ ಆಸೆ ಬರುತ್ತದೆ, ಅಲ್ವಾ? ಬೇಡ. ಒಳಗೆ ಟೊಳ್ಳಾದರೆ ಗಾಳಿ ಸೋರುತ್ತದೆ, ಸದ್ದು ಅಲ್ಲೇ ಸಾಯುತ್ತದೆ. ಪ್ಲಾಸ್ಟಿಕ್ ಉಳಿದು ಹೃದಯದ ಸದ್ದು ಕಳೆದುಹೋದರೆ ಏನು ಪ್ರಯೋಜನ?

ಪ್ರಿಂಟ್ ಆಗಬೇಕಾದ್ದು ಎದೆಗೆ ಇಡುವ ತಲೆ, ಅದರ ರಿಂಗ್, ವೈ ಆಕಾರದ ಜೋಡಣೆ, ಎರಡು ಕಿವಿ ಕೊಳವೆ, ಅವನ್ನು ಹಿಡಿದಿಡುವ ಸ್ಪ್ರಿಂಗ್. ಎಲ್ಲವನ್ನೂ ಒಟ್ಟಿಗೆ ಪ್ರಿಂಟಿಗೆ ಹಾಕಬೇಡಿ. ಒಂದೊಂದೇ ಮಾಡಿ. ಗಾಜಾದಲ್ಲಿ ಕರೆಂಟ್ ದಿನಕ್ಕೆ ಕೆಲವೇ ಗಂಟೆ ಇರುತ್ತಿದ್ದ ಕಾಲವಿತ್ತು, ಸೋಲಾರ್ ನಂಬಿಕೊಂಡು ಪ್ರಿಂಟ್ ಮಾಡುತ್ತಿದ್ದರು. ಮಧ್ಯದಲ್ಲಿ ಕರೆಂಟ್ ಹೋದರೆ ಒಂದೇ ಭಾಗ ಹಾಳಾಗುತ್ತದೆ, ಇಡೀ ಸೆಟ್ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೂ ಈ ಬುದ್ಧಿ ಚೆನ್ನಾಗಿ ಹೊಂದುತ್ತದೆ.

ಡಯಾಫ್ರಮ್ ಅಂದರೆ ತಲೆಯ ಬಾಯಿಗೆ ಬಿಗಿಯುವ ತೆಳು ಹಾಳೆ. ಅದಕ್ಕೆ ವಿಶೇಷ ಹಾಳೆ ಬೇಕಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟಿಗೆ ಹಾಕುವ ಪಾರದರ್ಶಕ ಕವರ್ ಸಾಕು. 40 ಮಿಲಿಮೀಟರ್ ವ್ಯಾಸದ ವೃತ್ತ ಕತ್ತರಿಸಿ. ಕತ್ತರಿಗಿಂತ ಹರಿತವಾದ ಬ್ಲೇಡ್ ಮತ್ತು ಕಂಪಾಸ್ ವಾಸಿ. ಅಂಚು ಹಲ್ಲುಹಲ್ಲಾಗಿದ್ದರೆ ರಿಂಗ್ ಕೂರುವುದಿಲ್ಲ. ರಿಂಗ್ ಕೂರಿಸಿದ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. ಬಿಗಿಯಾಗಿ, ಚುರುಕಾಗಿ ಸದ್ದು ಬರಬೇಕು. ಎಲ್ಲಾದರೂ ಸುಕ್ಕು ಕಂಡರೆ ಬಿಚ್ಚಿ ಇನ್ನೊಂದು ಹಾಕಿ, ಕವರ್ ಅಗ್ಗವಾದ್ದೇ.

ಟ್ಯೂಬ್ ಸಿಲಿಕೋನ್, ಒಳವ್ಯಾಸ 8, ಹೊರವ್ಯಾಸ 12 ಮಿಲಿಮೀಟರ್. ತೆಳು ಟ್ಯೂಬ್ ಹಾಕಿದರೆ ಕೋಣೆಯ ಗದ್ದಲವೆಲ್ಲ ಒಳಗೆ ಬರುತ್ತದೆ.

ಈಗ ಪರೀಕ್ಷೆ. ಡಯಾಫ್ರಮ್ ಹಾಕುವ ಮೊದಲೇ ತಲೆಯ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ನೀರಲ್ಲಿ ಮುಳುಗಿಸಿ, ಟ್ಯೂಬಿನಿಂದ ಊದಿ. ಪ್ಲಾಸ್ಟಿಕ್ ಮೈಯಿಂದ ಗುಳ್ಳೆ ಬಂದರೆ ಆ ತುಂಡನ್ನು ಪಕ್ಕಕ್ಕಿಡಿ. ಪಾಸಾದದ್ದನ್ನು ಪೂರ್ತಿ ಒಣಗಿಸಿ ಜೋಡಿಸಿ. ಆಮೇಲೆ ಒಂದು ಒಳ್ಳೆಯ ಸ್ಟೆತಸ್ಕೋಪ್ ಪಕ್ಕದಲ್ಲಿಟ್ಟು ಒಬ್ಬರದೇ ಎದೆ, ಬೆನ್ನು ಎರಡರಿಂದಲೂ ಕೇಳಿ. ಕೇಳುವವರು ವೈದ್ಯರೋ ನರ್ಸೋ ಆಗಿರಬೇಕು. ನಮ್ಮ ಕಿವಿಗೆ "ಕೇಳಿಸ್ತಾ ಇದೆ" ಅನ್ನಿಸಿದರೆ ಸಾಲದು. ಗ್ಲಿಯಾ ತಂಡ ನೀರು ತುಂಬಿದ ಬಲೂನಿನ ಮೂಲಕ ಸದ್ದು ಹಾಯಿಸಿ, ಹೆಸರಾಂತ ಕಂಪನಿಯ ಸ್ಟೆತಸ್ಕೋಪ್ ಲಿಟ್‌ಮನ್ ಕಾರ್ಡಿಯಾಲಜಿ 3 ಜೊತೆ ಅಳೆದು ನೋಡಿತು. ಫಲಿತಾಂಶ 2018ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂತು: ಸದ್ದು ದಾಟಿಸುವುದರಲ್ಲಿ ಎರಡೂ ಸರಿಸಮ. ಗ್ಲಿಯಾದ್ದಕ್ಕೆ ಆಗ ತಗಲುತ್ತಿದ್ದ ಸಾಮಾನಿನ ಖರ್ಚು 3 ಡಾಲರ್‌ನ ಒಳಗೆ. ಈ ಅಳತೆ ಇಲ್ಲದೆ ಹೋಗಿದ್ದರೆ ನಾನಂತೂ ಇದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಇದೇ ತಂಡದ ಟೂರ್ನಿಕೆ ಫೈಲ್ ಕೂಡ ಇದೆ. ಕೈಕಾಲಿನ ರಕ್ತಸ್ರಾವ ನಿಲ್ಲಿಸುವ ಪಟ್ಟಿ ಅದು. 2018ರ ಗಡಿ ಪ್ರತಿಭಟನೆಗಳಲ್ಲಿ ಜನರ ಕಾಲಿಗೆ ಗುಂಡು ಬೀಳುತ್ತಿದ್ದಾಗ ಗಾಜಾದಲ್ಲಿ ಅದನ್ನು ಪ್ರಿಂಟ್ ಮಾಡಿ, ಪಟ್ಟಿ ಹೊಲಿದು ಬಳಸಿದರು. ಮೇ 14ರಂದು ಲುಬಾನಿಯವರ ಎರಡೂ ಕಾಲಿಗೆ ಗುಂಡು ಬಿತ್ತು. ಅವರಿಗೆ ನೆರವಾದ ಪ್ಯಾರಾಮೆಡಿಕ್ ಮೂಸಾ ಅಬುಹಸನೈನ್ ಅದೇ ದಿನ ಗುಂಡೇಟಿಗೆ ಪ್ರಾಣ ಬಿಟ್ಟರು. ಈ ಫೈಲ್ ತೆರೆದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಟೂರ್ನಿಕೆ ಮಾಡುವವರು ಎರಡು ಪಟ್ಟು ಹುಷಾರಾಗಿರಬೇಕು. ಸ್ಟೆತಸ್ಕೋಪ್ ಕೆಟ್ಟರೆ ಇನ್ನೊಂದು ತರಬಹುದು, ತೊಡೆಯ ರಕ್ತನಾಳ ಹರಿದವರಿಗೆ ಇರುವುದು ಕೆಲವೇ ನಿಮಿಷ. ಎಲ್ಲ ಬಲವೂ ಬೀಳುವುದು ಪಟ್ಟಿ ಬಿಗಿಯಲು ತಿರುಚುವ ಕಡ್ಡಿಯ ಮೇಲೆ. ಅದನ್ನು ನಿಲ್ಲಿಸಿ ಪ್ರಿಂಟ್ ಮಾಡಿದರೆ ಪದರದ ಸಂದಿಯಲ್ಲೇ ಮುರಿಯುತ್ತದೆ, ಮಲಗಿಸಿಯೇ ಮಾಡಿ. ಪಟ್ಟಿ ಸುಮಾರು 38 ಮಿಲಿಮೀಟರ್ ಅಗಲ ಇರಲಿ, ಸಪೂರ ಪಟ್ಟಿ ಮಾಂಸವನ್ನು ಕೊರೆಯುತ್ತದೆ. ಹೊಲಿಗೆ ಸೀಟ್ ಕವರ್ ಹೊಲಿಯುವವರ ದಪ್ಪ ಮೆಷಿನ್‌ನಲ್ಲಿ ಆಗಲಿ. ಒಮ್ಮೆ ಬಿಗಿದು ಪರೀಕ್ಷಿಸಿದ್ದನ್ನು ನಿಜವಾದ ಗಾಯಕ್ಕೆ ಕಳಿಸಬೇಡಿ. ತರಬೇತಿಗೆ ಅಂತ ನೀಲಿ ಬಣ್ಣದ್ದನ್ನು ಬೇರೆ ಮಾಡಿಡಿ.

ಭಾರತದಲ್ಲಿ ಇವನ್ನು ತಯಾರಿಸಿ ಮಾರುವುದಾದರೆ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಅನ್ವಯವಾಗುತ್ತದೆ, ನೋಂದಣಿ ಬೇಕು. ಕಲಿಯೋದಕ್ಕೆ, ಕಾಲೇಜಿನಲ್ಲಿ ತೋರಿಸೋದಕ್ಕೆ ಮಾಡುವವರು ಇವತ್ತೇ ಶುರು ಮಾಡಬಹುದು.

ಪ್ರತಿ ತುಂಡಿಗೂ ಒಂದು ನಂಬರ್ ಕೊಡಿ. ಯಾವ ದಿನ, ಯಾವ ಫಿಲಮೆಂಟ್ (ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರ) ರೋಲ್, ಫೈಲಿನ ಯಾವ ಆವೃತ್ತಿ, ಯಾರು ಪರೀಕ್ಷಿಸಿದರು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾಳೆ ಒಂದು ತುಂಡು ಮುರಿದರೆ ಅದೇ ರೋಲಿನಿಂದ ಬಂದ ಉಳಿದವನ್ನೆಲ್ಲ ವಾಪಸ್ ತರಿಸಬೇಕಾಗುತ್ತದೆ. ಮುರಿದದ್ದರ ಫೋಟೋ ಮತ್ತು ನಂಬರನ್ನು ಗಿಟ್‌ಹಬ್‌ನಲ್ಲಿ ಹಾಕಿ, ಅದೇ ಫೈಲ್ ಬಳಸುವ ಉಳಿದವರಿಗೂ ಅದು ಗೊತ್ತಾಗಬೇಕು.