ಮಗುವನ್ನು ಸೇರಿಸುವ ಮುನ್ನ ಕೇಳಿ: ಶಿಕ್ಷಕರ ಸಂಬಳ ಯಾರದು?

ಹುಬ್ಬಳ್ಳಿ-ಧಾರವಾಡದ ಪಾಲಕರು ಶಾಲೆ ಹುಡುಕುವಾಗ ಮೊದಲು ಮಾಧ್ಯಮ, ಆಮೇಲೆ ಫೀ ವಿಚಾರಿಸುತ್ತಾರೆ. ಅವೆರಡಕ್ಕೂ ಮುಂಚೆ ಶಿಕ್ಷಕರ ಸಂಬಳ ಎಲ್ಲಿಂದ ಬರುತ್ತದೆಂದು ಕೇಳಬೇಕು. ಪುಸ್ತಕ, ಬಿಸಿಯೂಟ, ಶುಲ್ಕ ಎಲ್ಲವೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿವೆ.

ಸರ್ಕಾರಿ ಶಾಲೆಯ ಲೆಕ್ಕ ಸರಳ: ಖರ್ಚು ಸರ್ಕಾರದ್ದು, ಮೇಲ್ವಿಚಾರಣೆಯಲ್ಲಿ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಪಾಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಭೆಯ ನೋಟಿಸು ಬಂದಾಗ ದಯವಿಟ್ಟು ಹೋಗಿ.

ಗೊಂದಲವೆಲ್ಲ ಅನುದಾನಿತ ಶಾಲೆಗಳದ್ದು. ನಮ್ಮ ಭಾಗದಲ್ಲಿ ಮಠಗಳು, ಮಿಷನ್‌ಗಳು, ಶಿಕ್ಷಣ ಸಂಸ್ಥೆಗಳು ನಡೆಸುವ ಎಷ್ಟೋ ಹಳೆಯ ಶಾಲೆಗಳು ಈ ವರ್ಗಕ್ಕೆ ಸೇರುತ್ತವೆ. ಅಲ್ಲಿ ಆಡಳಿತ ಮಂಡಳಿ ಖಾಸಗಿಯಾದರೂ ಅನುದಾನಕ್ಕೊಳಪಟ್ಟ ಹುದ್ದೆಗಳ ಸಂಬಳವನ್ನು ಸರ್ಕಾರವೇ ಕೊಡುತ್ತದೆ. ಒಂದೇ ಗೇಟಿನೊಳಗೆ, ಒಂದೇ ಸಂಸ್ಥೆಯ ಹೆಸರಿನಲ್ಲಿ, ಎಡಗಡೆಯ ಕನ್ನಡ ಮಾಧ್ಯಮ ಅನುದಾನಿತವಾಗಿದ್ದು ಅಲ್ಲಿ ಮಧ್ಯಾಹ್ನ ಬಿಸಿಯೂಟದ ತಟ್ಟೆಗಳ ಸದ್ದು ಕೇಳುತ್ತಿದ್ದರೆ, ಬಲಗಡೆಯ ಇಂಗ್ಲಿಷ್ ಮಾಧ್ಯಮ ಅನುದಾನರಹಿತವಾಗಿದ್ದು ಮಕ್ಕಳು ಮನೆಯ ಡಬ್ಬಿ ಬಿಚ್ಚುತ್ತಿರಬಹುದು. ಆದ್ದರಿಂದ "ನಿಮ್ಮದು ಅನುದಾನಿತ ಶಾಲೆಯೇ?" ಎಂದಷ್ಟೇ ಕೇಳಿದರೆ ಸಾಲದು, ನಿಮ್ಮ ಮಗು ಕೂರುವ ತರಗತಿ ಅನುದಾನಕ್ಕೊಳಪಟ್ಟಿದೆಯೇ, ಮಂಜೂರಾದ ಹುದ್ದೆಗಳೆಷ್ಟು, ಅವುಗಳಲ್ಲಿ ತುಂಬಿರುವುದೆಷ್ಟು ಎಂದು ಕೇಳಬೇಕು. ನಿವೃತ್ತರಾದವರ ಜಾಗ ಖಾಲಿ ಉಳಿದಾಗ ಮಂಡಳಿಯೇ ಶಿಕ್ಷಕರನ್ನು ನೇಮಿಸಿಕೊಳ್ಳುತ್ತದೆ, ಆ ಸಂಬಳದ ಹೊರೆ ಕೆಲವೊಮ್ಮೆ ಪಾಲಕರ ಮೇಲೆ ಬೀಳುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಅನುದಾನರಹಿತ ಶಾಲೆ ನಡೆಯುವುದು ಹೆಚ್ಚಾಗಿ ಶುಲ್ಕದಿಂದ. ಅಲ್ಲಿ ಮಾನ್ಯತೆ ಪತ್ರ ನೋಡಿ, ಅದು ಎಷ್ಟನೇ ತರಗತಿಯವರೆಗೆ ಇದೆಯೆಂದು ಓದಿಕೊಳ್ಳಿ. ಸಿಬಿಎಸ್‌ಇ ಎಂಬುದು ಪಠ್ಯಕ್ರಮ ಮತ್ತು ಪರೀಕ್ಷೆಗೆ ಸಂಬಂಧಿಸಿದ ಮಂಡಳಿಯೇ ಹೊರತು ಶಾಲೆಗೆ ಹಣ ಕೊಡುವವರ ಹೆಸರಲ್ಲ. ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಕೇಂದ್ರೀಯ ವಿದ್ಯಾಲಯ, ನವೋದಯಗಳ ಮಾತು ಬೇರೆ.

ಖಚಿತಪಡಿಸಿಕೊಳ್ಳಲು ಶಾಲೆಯ ಗುರುತಿನ ಸಂಖ್ಯೆಯಾದ 11 ಅಂಕಿಯ ಯುಡೈಸ್ ಸಂಖ್ಯೆ ಕೇಳಿ ಪಡೆಯಿರಿ. ಕರ್ನಾಟಕದ ಶಾಲೆಗಳದ್ದು 29ರಿಂದ ಆರಂಭವಾಗುತ್ತದೆ. ಅದರಿಂದ ಶಾಲೆಯ ಆಡಳಿತ ಯಾರದೆಂದು ಯುಡೈಸ್ ಜಾಲತಾಣದಲ್ಲಿ ನೋಡಬಹುದು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಶಿಕ್ಷಣ ಹಕ್ಕು ಕಾಯ್ದೆ ವಂತಿಗೆಯನ್ನು ನಿಷೇಧಿಸಿದೆ; ಯಾರಾದರೂ ಕೇಳಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲೆಯ ಉಪನಿರ್ದೇಶಕರಿಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡು ಬನ್ನಿ.