ಆರ್ಥಿಕ ಬಂಡವಾಳದ ಲೆಕ್ಕವನ್ನು ಓದುವ ಬಗೆ

ಆರ್ಥಿಕ ಬಂಡವಾಳವೆಂದರೆ ನಿಯಂತ್ರಕರು ಕಡ್ಡಾಯ ಮಾಡಿದ ಮೊತ್ತವಲ್ಲ. ಅನಿರೀಕ್ಷಿತ ನಷ್ಟವನ್ನು ತಾಳಿಕೊಳ್ಳಲು ಎಷ್ಟು ಬೇಕೆಂದು ಬ್ಯಾಂಕು ತಾನೇ ಅಳೆದುಕೊಂಡ ಮೊತ್ತ.

ಮೊದಲು ನಿರೀಕ್ಷಿತ ನಷ್ಟವನ್ನು ಬೇರ್ಪಡಿಸಿ. 1,000 ಕೋಟಿ ರೂಪಾಯಿ ಸಾಲದಲ್ಲಿ ವರ್ಷಕ್ಕೆ ಶೇ. 2ರಷ್ಟು ಸುಸ್ತಿಯಾಗಿ, ಅದರಲ್ಲಿ ಅರ್ಧ ವಸೂಲಾಗದೆ ಉಳಿಯುತ್ತದೆ ಎಂದಾದರೆ ನಿರೀಕ್ಷಿತ ನಷ್ಟ 10 ಕೋಟಿ. ಇದನ್ನು ಬಡ್ಡಿದರದಲ್ಲೇ ತುಂಬಿಕೊಳ್ಳಬೇಕು. ಶೇ. 99.9ರ ಸಂಭವನೀಯತೆಯಲ್ಲಿ ವರ್ಷದ ನಷ್ಟ 70 ಕೋಟಿಯನ್ನು ಮೀರದು ಎಂದು ಬ್ಯಾಂಕಿನ ಲೆಕ್ಕಾಚಾರದ ಮಾದರಿ ಹೇಳಿದರೆ, ವ್ಯತ್ಯಾಸವಾದ 60 ಕೋಟಿಯೇ ಆರ್ಥಿಕ ಬಂಡವಾಳ. ಅದನ್ನು ವಿಭಾಗವಾರು ಹಂಚಿ, ಯಾವ ವಿಭಾಗದ ಲಾಭ ಅದು ಹೊತ್ತ ಅಪಾಯಕ್ಕೆ ತಕ್ಕದ್ದೆಂದು ನೋಡುವುದೇ, ನನ್ನ ಮಟ್ಟಿಗೆ, ಇದರ ಮುಖ್ಯ ಉಪಯೋಗ.

ಆದರೆ ಉಳಿದ ಶೇ. 0.1ರಲ್ಲಿ ನಷ್ಟ ಎಲ್ಲಿಗೆ ಮುಟ್ಟಬಹುದೆಂದು ಈ ಅಂಕಿ ಹೇಳುವುದಿಲ್ಲ. ಬರ ಬಿದ್ದಾಗ ಒಂದೇ ತಾಲ್ಲೂಕಿನ ಬೆಳೆಸಾಲಗಳು ಒಟ್ಟಿಗೆ ಸುಸ್ತಿಯಾಗುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ಎಣಿಸಿದ ಮಾದರಿ ಬಂಡವಾಳವನ್ನು ಕಡಿಮೆ ತೋರಿಸುತ್ತದೆ. ಇನ್ನು, ಠೇವಣಿದಾರರು ಒಮ್ಮೆಲೇ ಹಣ ಕೇಳಿದಾಗ ಬೇಕಾಗುವುದು ಈ ಬಂಡವಾಳವಲ್ಲ, ನಗದು. ಅದನ್ನು ಬೇರೆಯಾಗಿಯೇ ಅಳೆಯಬೇಕು.

ಆದ್ದರಿಂದ ಒಂದೇ ಅಂಕಿಯ ಬದಲು ವ್ಯಾಪ್ತಿಯನ್ನು ಕೇಳಿ. ರಿಸರ್ವ್ ಬ್ಯಾಂಕಿನ ಬಂಡವಾಳ ಚೌಕಟ್ಟನ್ನು ಪರಿಶೀಲಿಸಿದ ಬಿಮಲ್ ಜಲಾನ್ ಸಮಿತಿಯೂ 2019ರಲ್ಲಿ ಅಪಾಯ ಮೀಸಲನ್ನು ಅದರ ಆಸ್ತಿ-ಹೊಣೆ ಪಟ್ಟಿಯ (ಬ್ಯಾಲೆನ್ಸ್ ಶೀಟ್) ಗಾತ್ರದ ಶೇ. 5.5ರಿಂದ 6.5 ಎಂದು ವ್ಯಾಪ್ತಿಯಾಗಿಯೇ ಸೂಚಿಸಿತ್ತು.