ಹೊಳೆ ಉಳಿಸಲು ಮೊದಲು ಕಾಗದ, ಆಮೇಲೆ ಬಾಟಲಿ

ಹೊಳೆ ಕೆಟ್ಟಿದೆ, ಮೀನು ಸಾಯುತ್ತಿದೆ ಎಂದು ವಕೀಲರ ಹತ್ತಿರ ಹೋಗಿ ನೋಡಿ. ಅವರು ಮೊದಲು ಕೇಳುವುದು ಒಂದೇ: ‘ನಿಮಗೂ ಹೊಳೆಗೂ ಏನು ಸಂಬಂಧ?’ ಹೊಳೆ ಎಲ್ಲರದು ಅಲ್ವಾ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನನಗೆ ನಷ್ಟವಾಗಿದೆ ಎಂದು ಎದ್ದು ನಿಲ್ಲುವವರು ಬೇಕು.

ಹಾಗಾಗಿ ಮೊದಲ ಕೆಲಸ ಕಾಗದ ಹುಡುಕುವುದು. ದಡದ ಜಮೀನು, ಹೊಳೆಯ ತಳ, ಮೀನು ಹಿಡಿಯುವ ಹಕ್ಕು ಇವು ಮೂರೂ ಬೇರೆ ಬೇರೆ. ಒಬ್ಬರ ಹತ್ತಿರವೇ ಇರಬೇಕೆಂದಿಲ್ಲ, ಕಾನೂನೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಿಮ್ಮ ಮೀನುಗಾರರ ಸಂಘ ಮೀನು ಹಿಡಿಯಲು ಹೊಳೆಯನ್ನು ಗುತ್ತಿಗೆ ಹಿಡಿದಿದ್ದರೆ ಕರಾರನ್ನು ಸರಿಯಾಗಿ ಓದಿ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ವರ್ಷ, ಹೊಳೆ ಕೆಡಿಸಿದವರ ಮೇಲೆ ದಾವೆ ಹೂಡುವವರು ಯಾರು, ಎಲ್ಲವೂ ಅದರಲ್ಲಿರಬೇಕು. ‘ಸೇತುವೆಯ ಆಸುಪಾಸು’ ಎಂದು ಬರೆದ ಕರಾರು ಮುಂದಿನ ಜಗಳಕ್ಕೆ ದಾರಿ. ಒಂದೇ ವರ್ಷದ ಗುತ್ತಿಗೆಯೂ ನನಗೆ ಇಷ್ಟವಿಲ್ಲ. ಬರುವ ವರ್ಷ ಬೇರೆಯವರ ಪಾಲಾಗುವ ಹೊಳೆಗೆ ಕೈಯಿಂದ ದುಡ್ಡು ಹಾಕಿ ಮೀನುಮರಿ ಬಿಡುವವರು ಯಾರು?

ಕಾಗದಕ್ಕೆ ಅಷ್ಟು ಬಲ ಇದೆಯಾ? ಇಂಗ್ಲೆಂಡಿನ ಡರ್ಬಿಯ ಕಥೆ ಕೇಳಿ. ಅಲ್ಲಿ ಡರ್ವೆಂಟ್ ನದಿಯಲ್ಲಿ ಗಾಳ ಹಾಕುವವರ ಸಂಘವೊಂದಕ್ಕೆ ಮೀನುಗಾರಿಕೆ ಹಕ್ಕಿತ್ತು. ಅದೇ ನದಿಗೆ ಬ್ರಿಟಿಷ್ ಸೆಲನೀಸ್ ಕಾರ್ಖಾನೆಯ ತ್ಯಾಜ್ಯ, ನಗರಾಡಳಿತದ ಕೊಳಚೆ, ವಿದ್ಯುತ್ ಸ್ಥಾವರದ ಬಿಸಿನೀರು ಸೇರುತ್ತಿದ್ದವು. ಸಂಘ ಮೂವರ ಮೇಲೂ ಕೇಸು ಹಾಕಿ 1952ರಲ್ಲಿ ಗೆದ್ದಿತು. ಊರು ಬೆಳೆದಿದೆ, ನಾವೇನು ಮಾಡೋಣ ಎಂಬ ನಗರಾಡಳಿತದ ವಾದ ನಡೆಯಲಿಲ್ಲ.

ಅದಕ್ಕೂ ಹಿಂದೆ, 1893ರಲ್ಲಿ, ಸ್ಕಾಟ್ಲೆಂಡಿನ ಬ್ಯಾಂಕಿಯರ್ ವಿಸ್ಕಿ ಭಟ್ಟಿಯವರು ಗಣಿ ಮಾಲೀಕರ ವಿರುದ್ಧ ಗೆದ್ದಿದ್ದರು. ಗಣಿಯಿಂದ ಹಳ್ಳಕ್ಕೆ ಬಿಟ್ಟ ನೀರು ಕೊಳಕೇನೂ ಅಲ್ಲ, ಗಡಸು ಅಷ್ಟೇ. ಆದರೂ ಹಳ್ಳದ ಮೆದು ನೀರಿನ ಗುಣ ಬದಲಾಯಿತಲ್ಲ, ಅಷ್ಟೇ ಸಾಕಾಯಿತು.

ಇನ್ನು ಸಾಕ್ಷಿ. ಮೂರು ಸ್ವಚ್ಛ ಬಾಟಲಿ ತಗೊಳ್ಳಿ. ಒಂದು ಕೊಳಚೆ ಸೇರುವ ಜಾಗಕ್ಕಿಂತ ಮೇಲಿನ ನೀರಿಗೆ, ಒಂದು ಪೈಪಿನ ಬಾಯಿಗೆ, ಇನ್ನೊಂದು ಕೆಳಗಿನ ನೀರಿಗೆ. ಮೇಲಿನ ಬಾಟಲಿ ಇಲ್ಲದಿದ್ದರೆ ‘ನೀರು ಮೊದಲೇ ಕೆಟ್ಟಿತ್ತು’ ಎಂದು ಸುಲಭವಾಗಿ ಜಾರಿಕೊಳ್ಳುತ್ತಾರೆ. ಪ್ರತಿ ಬಾಟಲಿಯ ಮೇಲೆ ಜಾಗ, ತಾರೀಖು, ಗಂಟೆ ಬರೆದು, ಮುಚ್ಚಳಕ್ಕೆ ಮೊಹರು ಹಾಕಿ, ಸಂಘದ ಹೊರಗಿನವರೊಬ್ಬರ ಸಹಿ ಹಾಕಿಸಿ. ಐಸಿನಲ್ಲಿಟ್ಟು ಆದಷ್ಟು ಬೇಗ ಲ್ಯಾಬಿಗೆ ಕೊಡಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದೂ ಬರಹದಲ್ಲಿರಲಿ.

ಕರಗಿದ ಆಮ್ಲಜನಕವನ್ನು ಮಾತ್ರ ಹೊಳೆಯಲ್ಲೇ, ಮೀಟರ್ ಇಳಿಸಿ ಅಳೆಯಬೇಕು. ಅದೂ ಬೆಳಕು ಹರಿಯುವ ಮುಂಚೆ. ರಾತ್ರಿಯಿಡೀ ಪಾಚಿ, ಗಿಡ, ಮೀನು ಎಲ್ಲ ಉಸಿರಾಡಿ ಆಗ ಆಮ್ಲಜನಕ ತೀರಾ ಇಳಿದಿರುತ್ತದೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಹೆಚ್ಚಿನ ಮೀನುಗಳಿಗೆ ಕಷ್ಟ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೀಟರಿಗೆ ಕಾಯದೆ ವಿಡಿಯೊ ಮಾಡಿಕೊಳ್ಳಿ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಡರ್ಬಿಯಲ್ಲಿ ಬಿಸಿನೀರೂ ತಪ್ಪಾಗಿದ್ದು ಸುಮ್ನೆ ಅಲ್ಲ.

ನಿಮ್ಮ ಬಲೆಯನ್ನೂ ಒಮ್ಮೆ ನೋಡಿಕೊಳ್ಳಿ. ಸಣ್ಣ ಕಣ್ಣಿನ ಬಲೆ, ಮೊಟ್ಟೆ ಇಡುವ ಕಾಲದಲ್ಲೂ ಬೇಟೆ ಇದ್ದರೆ ಎದುರಿನ ವಕೀಲರು ಅದನ್ನೇ ಎತ್ತುತ್ತಾರೆ.

ಆಮೇಲೆ ನೋಟಿಸು. ಬೈಗುಳ ಬೇಡ, ಹಕ್ಕಿನ ಕಾಗದ ಮತ್ತು ಲ್ಯಾಬ್ ವರದಿಯ ಪ್ರತಿ ಸಾಕು. ಕೋರ್ಟಿಗೆ ಹೋದರೆ ಪರಿಹಾರದ ಜತೆ ತಡೆಯಾಜ್ಞೆಯನ್ನೂ ಕೇಳಿ. ಬರೀ ಪರಿಹಾರವಾದರೆ ಕಾರ್ಖಾನೆ ಅದನ್ನು ಇನ್ನೊಂದು ಖರ್ಚು ಎಂದು ಬರೆದುಕೊಂಡು ಪೈಪು ತೆರೆದೇ ಇಡಬಹುದು. ಸರಿಪಡಿಸಲು ಕಾಲಾವಕಾಶ ಕೇಳಿದರೆ ಕೊಡಿ, ಆದರೆ ತಾರೀಖು ಬರೆಸಿಕೊಳ್ಳಿ. ಆ ದಿನ ಬೆಳಕು ಹರಿಯುವ ಮುಂಚೆ ಮತ್ತೆ ಮೂರು ಬಾಟಲಿ ಹಿಡಿದು ಹೊಳೆಗೆ ಇಳಿಯಿರಿ.